ತ್ರಿಕೋನದೊಳಗಿನ ಚುಕ್ಕೆ

ನೀರಿನಡಿ ಮುಳುಗುವವರಿಗೆಂದು ಮಾಡಿದ ಹಳೆಯ ಡೈವ್ ವಾಚೊಂದು ಕೈಗೆ ಬಂದಾಗ ನನ್ನ ಕಣ್ಣು ಮೊದಲು ಹೋಗುವುದು ಡಯಲ್ ಮೇಲಿನ ಹೆಸರಿಗಲ್ಲ, ಗಾಜಿನ ಸುತ್ತ ತಿರುಗುವ ಬೆಜಲ್ ಎಂಬ ಉಂಗುರದ ನೆತ್ತಿಗೆ. ಅಲ್ಲೊಂದು ತ್ರಿಕೋನವಿರುತ್ತದೆ. ಅದರ ನಡುವೆ ಎರಡು ಮೂರು ಮಿಲಿಮೀಟರ್ ಅಗಲದ, ಕತ್ತಲಲ್ಲಿ ಹೊಳೆಯಬೇಕಾದ ಒಂದು ಚುಕ್ಕೆ ಇರಬೇಕು. ಮೈಸೂರಿನಲ್ಲಿ ನಾನು ಕಂಡ ವಾಚುಗಳ ಮಟ್ಟಿಗೆ ಹೇಳುವುದಾದರೆ, ಹೆಚ್ಚಿನವುಗಳಲ್ಲಿ ಚುಕ್ಕೆಯಿದ್ದ ಜಾಗದಲ್ಲಿ ಕೊಳೆ ತುಂಬಿದ ಕುಳಿಯೂ ಅದರ ಅಂಚಿಗೆ ಒಣಗಿ ಕಂದಿದ ಅಂಟೂ ಉಳಿದಿರುತ್ತವೆ. ಆ ಕುಳಿಯನ್ನು ಯಾವುದರಿಂದ ತುಂಬಬೇಕು, ತುಂಬಿದ್ದು ಯಾವುದಕ್ಕೆ ಹೊಂದಬೇಕು, ಎಷ್ಟರ ಮಟ್ಟಿಗೆ ಹೊಂದಬೇಕು ಎಂಬ ಪ್ರಶ್ನೆಗಳ ಜೊತೆ ಕೆಲವು ವರ್ಷಗಳಿಂದ ಬದುಕುತ್ತಿದ್ದೇನೆ. ಈ ಬರಹ ಅವುಗಳ ಬಗ್ಗೆ.

ಈ ಚುಕ್ಕೆಯನ್ನು ಅಲಂಕಾರಕ್ಕೆಂದು ಇಟ್ಟದ್ದಲ್ಲ. ನೀರಿಗಿಳಿಯುವವನು ಇಳಿಯುವ ಮುನ್ನ ಬೆಜಲ್ ತಿರುಗಿಸಿ, ಚುಕ್ಕೆಯನ್ನು ನಿಮಿಷದ ಮುಳ್ಳಿನ ನೇರಕ್ಕೆ ತಂದು ನಿಲ್ಲಿಸುತ್ತಾನೆ. ಆಮೇಲೆ ಮುಳ್ಳು ಚುಕ್ಕೆಯನ್ನು ಬಿಟ್ಟು ಎಷ್ಟು ಮುಂದೆ ಸರಿದಿದೆಯೋ ಅಷ್ಟು ನಿಮಿಷಗಳನ್ನು ಅವನು ನೀರಿನಡಿ ಕಳೆದಿದ್ದಾನೆ. ಬೆನ್ನಿನ ಸಿಲಿಂಡರಿನಲ್ಲಿ ಗಾಳಿ ಎಷ್ಟು ಉಳಿದಿರಬಹುದು, ಮೇಲೇರುವಾಗ ಎಲ್ಲಿ ಎಷ್ಟು ಹೊತ್ತು ತಂಗಬೇಕು ಎಂಬ ಲೆಕ್ಕಗಳೆಲ್ಲ ಆ ಅಂತರವನ್ನು ನಂಬಿಕೊಂಡಿದ್ದವು. ಆಳಕ್ಕೆ ಹೋದಂತೆ ಬೆಳಕು ಕಡಿಮೆಯಾಗಿ ಬೆಜಲ್‌ನ ಅಂಕಿಗಳು ಅಳಿಸಿಹೋದಂತಾಗುತ್ತವೆ. ಬಹುತೇಕ ವಾಚುಗಳಲ್ಲಿ ಆಗ ಸೊನ್ನೆ ಎಲ್ಲಿದೆ ಎಂದು ಹೇಳುವುದು ಈ ಚುಕ್ಕೆಯೊಂದೇ. 1953ರ ಬ್ಲಾಂಕ್‌ಪೇನ್ ಫಿಫ್ಟಿ ಫ್ಯಾದಮ್ಸ್, ಅದೇ ಕಾಲದ ರೋಲೆಕ್ಸ್ ಸಬ್‌ಮರೀನರ್, 1957ರ ಒಮೆಗಾ ಸೀಮಾಸ್ಟರ್ 300 ಮುಂತಾದವು ರೂಢಿಗೆ ತಂದ ಈ ವ್ಯವಸ್ಥೆಗೆ ಮುಂದೆ ಐಎಸ್‌ಒ 6425 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಬಂತು. ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಸಮಯ ಓದಲು ಬರಬೇಕು, ವಾಚ್ ನಿಂತಿಲ್ಲ, ನಡೆಯುತ್ತಿದೆ ಎಂಬುದೂ ಕತ್ತಲಲ್ಲೇ ತಿಳಿಯಬೇಕು ಎಂದು ಅದು ಹೇಳುತ್ತದೆ. ಸೆಕೆಂಡಿನ ಮುಳ್ಳಿನ ಮೇಲೆ ಒಂದು ಪುಟ್ಟ ಹೊಳೆಯುವ ಬೊಟ್ಟು ಇರುವುದು ಈ ಕಾರಣಕ್ಕೆ.

ಸಮುದ್ರ ಕಾಣದ ನಮ್ಮೂರಿಗೆ ಇಂಥ ವಾಚುಗಳು ಬಂದದ್ದು ಮುಖ್ಯವಾಗಿ ಗಲ್ಫ್ ದೇಶಗಳಿಗೆ ದುಡಿಯಲು ಹೋದವರ ಮಣಿಕಟ್ಟಿನಲ್ಲಿ. 1976ರಿಂದ 1988ರವರೆಗೆ ತಯಾರಾದ ಸೀಕೋ 6309 ಡೈವರ್ ಅಂಥ ಒಂದು ವಾಚ್. ಅದಕ್ಕೂ ಹಿಂದಿನವರ ಮನೆಗಳಲ್ಲಿ ಫೇವರ್ ಲೂಬಾ ಸಿಗುತ್ತದೆ. ಆಳವನ್ನೇ ಅಳೆದು ತೋರಿಸುವ 1968ರ ಬ್ಯಾಥಿ ಅಲ್ಲದಿದ್ದರೂ, ತಿರುಗುವ ಬೆಜಲ್ ಇರುವ ಸರಳವಾದೊಂದು ಡೈವರ್ ಅಪರೂಪಕ್ಕೆ ಕಾಣಸಿಗುತ್ತದೆ. ಇವುಗಳಲ್ಲಿ ಬಹಳಷ್ಟು ಕನ್ನಂಬಾಡಿಯ ಹಿನ್ನೀರನ್ನೂ ಮುಟ್ಟಿದವಲ್ಲ. ಅವು ಕಂಡದ್ದು ಬೆವರು, ಸ್ನಾನದ ಸೋಪು, ಸ್ಕೂಟರಿನ ಹ್ಯಾಂಡಲ್, ಬಾಗಿಲ ಚೌಕಟ್ಟು. ಚುಕ್ಕೆ ಉದುರಲು ಇಷ್ಟೇ ಸಾಕು. ಬೆಜಲ್‌ನ ಇನ್ಸರ್ಟ್, ಅಂದರೆ ಅಂಕಿಗಳನ್ನು ಹೊತ್ತ ಮೇಲ್ಪದರ, ತೆಳುವಾದ ಅಲ್ಯೂಮಿನಿಯಂ ಬಳೆ. ಬಿಸಿಲಿಗೆ ಅದು ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ, ಒಳಗಿನ ಅಂಟು ಮಾತ್ರ ವರ್ಷಗಳು ಕಳೆದಂತೆ ಬಿರುಸಾಗುತ್ತ ಹೋಗುತ್ತದೆ. ಒಂದು ದಿನ ಅಂಗಿಯ ತೋಳಿಗೆ ಸಿಕ್ಕ ಚುಕ್ಕೆ ಯಾರಿಗೂ ತಿಳಿಯದಂತೆ ಬಿದ್ದುಹೋಗುತ್ತದೆ.

ಮೈಸೂರಿನ ಚಿಕ್ಕ ಗಡಿಯಾರ ಗೋಪುರದ ಆಸುಪಾಸಿನ ಗಲ್ಲಿಯೊಂದರಲ್ಲಿ ವಾಚ್ ರಿಪೇರಿ ಮಾಡುವ ಹಿರಿಯ ಸಾಹೇಬರೊಬ್ಬರಿಂದ ನಾನು ಈ ಕೆಲಸದ ಮೊದಲ ಪಾಠಗಳನ್ನು ಕಲಿತೆ. ಅವರಿಗೆ ಈ ಚುಕ್ಕೆಯ ಮೇಲೆ ನನ್ನಷ್ಟು ಮೋಹವಿಲ್ಲ, ಆದರೆ ಅವರ ಕಣ್ಣು ಬಹಳ ಸೂಕ್ಷ್ಮ. ಹೊಸದಾಗಿ ಕೂರಿಸಿದ ಚುಕ್ಕೆಯನ್ನು ಮೊದಲ ಸಲ ಅವರ ಮುಂದಿಟ್ಟಾಗ ಅವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಾದ ಐಗ್ಲಾಸ್ ಕೂಡ ತೆಗೆದುಕೊಳ್ಳದೆ, “ಚೆನ್ನಾಗಿದೆ ಸಾರ್. ಆದ್ರೆ ಮನೆಗೆಲ್ಲ ಹಳೇ ಬಾಗಿಲು, ಇದೊಂದು ಹೊಸ ಕಿಟಕಿ ಅನ್ನೋ ಥರ ಕಾಣ್ತಿದೆ,” ಎಂದರು. ಹೊಂದಿಕೆಯ ಬಗ್ಗೆ ನಾನು ಗಂಭೀರವಾಗಿ ಯೋಚಿಸತೊಡಗಿದ್ದು ಆ ಮಾತಿನ ನಂತರ.

ಹೊಂದಿಸುವ ಮುನ್ನ ಕುಳಿಯಲ್ಲಿ ಮೊದಲು ಏನಿತ್ತೆಂದು ತಿಳಿದಿರಬೇಕು. ಇಪ್ಪತ್ತನೇ ಶತಮಾನದ ಮೊದಲರ್ಧದ ವಾಚುಗಳಲ್ಲೂ 1950ರ ದಶಕದ ಡೈವರ್‌ಗಳಲ್ಲೂ ಇದ್ದದ್ದು ರೇಡಿಯಂ ಬೆರೆಸಿದ ಜಿಂಕ್ ಸಲ್ಫೈಡ್. ರೇಡಿಯಂ ಹೊರಸೂಸುವ ಆಲ್ಫಾ ಕಣಗಳು ಜಿಂಕ್ ಸಲ್ಫೈಡಿನ ಹರಳುಗಳಿಗೆ ಬಡಿದಾಗ ಬೆಳಕು ಹೊಮ್ಮುತ್ತದೆ. ಆ ಹೊಡೆತಕ್ಕೆ ಹರಳುಗಳು ಕೆಲವು ವರ್ಷಗಳಲ್ಲಿ ಹಾಳಾಗಿ ಹೊಳಪು ಸಾಯುತ್ತದೆ; ರೇಡಿಯಂ ಮಾತ್ರ ಹಾಗೆಯೇ ಉಳಿಯುತ್ತದೆ. ಅದರ ಅರ್ಧಾಯು, ಅಂದರೆ ಇರುವುದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ, ಸುಮಾರು 1,600 ವರ್ಷ. ಅಂದರೆ ಎಪ್ಪತ್ತು ವರ್ಷ ಹಳೆಯ ಡಯಲ್‌ನಲ್ಲಿ ಬೆಳಕು ಕಿಂಚಿತ್ತೂ ಇಲ್ಲದಿದ್ದರೂ ಹಾಕಿದ ರೇಡಿಯಂನಲ್ಲಿ ಶೇಕಡ 97ರಷ್ಟು ಇಂದಿಗೂ ಅಲ್ಲೇ ಇದೆ. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಪಟ್ಟಣದ ಕಾರ್ಖಾನೆಯಲ್ಲಿ ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡಿಕೊಂಡು ಡಯಲ್‌ಗಳಿಗೆ ರೇಡಿಯಂ ಬಣ್ಣ ಬಳಿದ ಹೆಣ್ಣುಮಕ್ಕಳ ದವಡೆ, ಮೂಳೆಗಳು ಕೊಳೆತು ಅವರು ಸತ್ತದ್ದು, ಬದುಕುಳಿದವರು ಕಂಪನಿಯ ಮೇಲೆ ಹೂಡಿದ ದಾವೆ 1928ರಲ್ಲಿ ಇತ್ಯರ್ಥವಾದದ್ದು ಈ ವಸ್ತುವಿನ ಚರಿತ್ರೆಯ ಭಾಗ. ಆದುದರಿಂದ ರೇಡಿಯಂ ಇರುವ ವಾಚನ್ನು ನಾನು ಬಿಚ್ಚುವುದೇ ಇಲ್ಲ. ಗಾಜಿನ ಹಿಂದೆ ಸುಮ್ಮನಿರುವ ರೇಡಿಯಂಗಿಂತ ಕೆರೆದಾಗ ಏಳುವ ಧೂಳು ಬಹಳ ಅಪಾಯಕಾರಿ, ಏಕೆಂದರೆ ಚರ್ಮವನ್ನು ದಾಟಲಾಗದ ಆಲ್ಫಾ ಕಣ ಉಸಿರಿನೊಡನೆ ಒಳಗೆ ಹೋದರೆ ಒಳಗಿನಿಂದಲೇ ಸುಡುತ್ತದೆ. ರೇಡಿಯಂನಿಂದ ಹುಟ್ಟುವ ರೇಡಾನ್ ಅನಿಲವೂ ಮುಚ್ಚಿದ ಪೆಟ್ಟಿಗೆಯಲ್ಲಿ ಶೇಖರವಾಗುತ್ತದೆ. ಇಂಥ ವಾಚುಗಳನ್ನು ಗಾಳಿಯಾಡುವ ಜಾಗದಲ್ಲಿ ಇಡಿ, ಊಟದ ಮೇಜಿನ ಮೇಲೆ ಎಂದೂ ಬಿಚ್ಚಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

1960ರ ದಶಕದಿಂದ ರೇಡಿಯಂನ ಜಾಗಕ್ಕೆ ಟ್ರಿಟಿಯಂ ಎಂಬ ಇನ್ನೊಂದು ವಿಕಿರಣಶೀಲ ವಸ್ತು ಬಂತು. ಡಯಲ್‌ನ ತಳದಲ್ಲಿ, ಆರರ ಗುರುತಿನ ಕೆಳಗೆ, ಸ್ವಿಸ್ ಎಂಬ ಮಾತಿನ ಎರಡೂ ಬದಿಗೆ ಕಾಣುವ ಟಿ ಅಕ್ಷರ ಇದರದೇ ಗುರುತು. ಟಿ ಅಕ್ಷರದ ಪಕ್ಕ 25ಕ್ಕಿಂತ ಕಡಿಮೆ ಎಂಬ ಚಿಹ್ನೆಯಿದ್ದರೆ ಅದರಲ್ಲಿರುವ ವಿಕಿರಣಶೀಲತೆ 25 ಮಿಲಿಕ್ಯೂರಿಗಿಂತ ಕಡಿಮೆ ಎಂದರ್ಥ. ಟ್ರಿಟಿಯಂ ಸೂಸುವ ಬೀಟಾ ಕಣಗಳು ವಾಚಿನ ಗಾಜನ್ನೂ ದಾಟಲಾರವು. ಅದರ ಅರ್ಧಾಯು 12.3 ವರ್ಷವಾದ್ದರಿಂದ 1970ರ ವಾಚಿನಲ್ಲಿ ಈಗ ಇಪ್ಪತ್ತರಲ್ಲಿ ಒಂದು ಪಾಲೂ ಉಳಿದಿಲ್ಲ. ಜಪಾನಿನ ಕೆಲವು ತಯಾರಕರು ಬಳಸಿದ ಪ್ರೊಮೀಥಿಯಂನ ಅರ್ಧಾಯು ಇನ್ನೂ ಕಿರಿದು, ಸುಮಾರು 2.6 ವರ್ಷ, ಐವತ್ತು ವರ್ಷಗಳಲ್ಲಿ ಅದು ಹತ್ತು ಲಕ್ಷದಲ್ಲಿ ಒಂದೆರಡು ಪಾಲಿಗೆ ಇಳಿಯುತ್ತದೆ. ಕೊನೆಯದಾಗಿ, ಜಪಾನಿನ ನೆಮೊಟೊ ಕಂಪನಿ 1993ರಲ್ಲಿ ಹೊರತಂದ ಸ್ಟ್ರಾಂಷಿಯಂ ಅಲ್ಯೂಮಿನೇಟ್. ಯುರೋಪಿಯಂ, ಡಿಸ್ಪ್ರೋಸಿಯಂಗಳನ್ನು ಅತಿ ಅಲ್ಪ ಪ್ರಮಾಣದಲ್ಲಿ ಸೇರಿಸಿದ ಈ ಪುಡಿಗೆ ವಿಕಿರಣ ಬೇಡ. ಬೆಳಕನ್ನು ಹೀರಿಕೊಂಡು ಗಂಟೆಗಟ್ಟಲೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಸೂಪರ್ ಲ್ಯೂಮಿನೋವಾ ಎಂಬ ಹೆಸರಿನಲ್ಲಿ ಇಂದು ಎಲ್ಲೆಡೆ ಇರುವುದು ಈ ಜಾತಿಯದು. ಇಂದು ಕುಳಿ ತುಂಬುವವನು ಬಳಸುವುದೂ ಇದನ್ನೇ.

ಇಲ್ಲಿಂದ ಕಷ್ಟ ಶುರುವಾಗುತ್ತದೆ. ಹೊಸ ಪುಡಿ ಹಗಲಲ್ಲಿ ತಿಳಿ ಹಸಿರು ಮಿಶ್ರಿತ ಹಳದಿಯಾಗಿಯೋ ಅಚ್ಚ ಬಿಳಿಯಾಗಿಯೋ ಕಾಣುತ್ತದೆ. ಹಳೆಯ ಟ್ರಿಟಿಯಂ ಬಣ್ಣವಾದರೋ ಅದನ್ನು ಹಿಡಿದಿಟ್ಟ ವಾರ್ನಿಷಿನೊಂದಿಗೆ ಮಾಗಿ ಕೆನೆ, ಗೋಧಿ, ಜೇನು, ಕೆಲವೊಮ್ಮೆ ಬೂದು ಬಣ್ಣಕ್ಕೂ ತಿರುಗಿರುತ್ತದೆ. ಒಂದೇ ವರ್ಷ ಒಂದೇ ಕಾರ್ಖಾನೆಯಿಂದ ಹೊರಬಿದ್ದ ಎರಡು ವಾಚುಗಳಲ್ಲಿ, ಒಂದು ಬೀರುವಿನಲ್ಲೂ ಇನ್ನೊಂದು ಬಿಸಿಲಿನಲ್ಲೂ ಕಳೆದಿದ್ದರೆ, ಬಣ್ಣ ಬೇರೆಯೇ. ಈ ಬಣ್ಣಕ್ಕೆ ಹೊಂದುವಂತೆ ಹೊಸ ಪುಡಿಗೆ ಚಿತ್ರಕಾರರ ಒಣ ಬಣ್ಣಗಳನ್ನು, ಅಂದರೆ ಹಳದಿ ಕಾವಿ, ಕಂದು ಕಾವಿ ಮುಂತಾದವನ್ನು, ಸೂಜಿಯ ಮೊನೆಯಷ್ಟು ಸೇರಿಸಬೇಕಾಗುತ್ತದೆ. ಸೇರಿಸಿದ ಪ್ರತಿ ಕಣವೂ ಒಳಗಿನ ಬೆಳಕನ್ನು ನುಂಗುವುದರಿಂದ ಹೆಚ್ಚು ಸೇರಿಸಿದಷ್ಟೂ ರಾತ್ರಿಯ ಹೊಳಪು ಕುಂದುತ್ತದೆ. ಹೊಳೆಯುವ ಪುಡಿಯನ್ನು ನುಣ್ಣಗಾಗಲೆಂದು ಅರೆಯಲೂ ಬಾರದು. ಅದರ ಹರಳು ದೊಡ್ಡದಿದ್ದಷ್ಟೂ ಬೆಳಕು ಹೆಚ್ಚು, ಪುಡಿಯಾದಷ್ಟೂ ಕಡಿಮೆ. ಗಾಜಿನ ಚೂರಿನ ಮೇಲೆ ಮೆಲ್ಲಗೆ ಕಲಸಿ, ಸ್ವಲ್ಪವನ್ನು ಒಂದು ತಗಡಿನ ಮೇಲೆ ಹಚ್ಚಿ, ಪೂರ್ತಿ ಒಣಗುವವರೆಗೆ ಕಾದು ಆಮೇಲೆ ಹೋಲಿಸಬೇಕು. ಹಸಿ ಇದ್ದಾಗಿನ ಬಣ್ಣ ಒಣಗಿದಾಗಿನದಲ್ಲ.

ಹೋಲಿಸುವುದಕ್ಕೂ ಸರಿಯಾದ ಬೆಳಕು ಬೇಕು. ಟ್ಯೂಬ್‌ಲೈಟಿನ ಅಡಿಯಲ್ಲಿ ಒಂದೇ ಎನಿಸಿದ ಎರಡು ಬಣ್ಣಗಳು ಬೀದಿಗೆ ಬಂದಾಗ ಬೇರೆಯಾಗುತ್ತವೆ. ಎರಡರ ರಾಸಾಯನಿಕ ವಸ್ತುಗಳು ಬೇರೆಯಾಗಿದ್ದು ಅವು ಪ್ರತಿಫಲಿಸುವ ಬೆಳಕಿನ ಅಲೆಗಳೂ ಬೇರೆಯಾಗಿರುವುದು ಇದಕ್ಕೆ ಕಾರಣ. ಜಿಂಕ್ ಸಲ್ಫೈಡಿನ ಹಳೆಯ ಬಣ್ಣಕ್ಕೆ ಸ್ಟ್ರಾಂಷಿಯಂ ಅಲ್ಯೂಮಿನೇಟನ್ನು ಹೊಂದಿಸುವಾಗ ಈ ತೊಂದರೆ ತಪ್ಪದು. ಉತ್ತರಕ್ಕೆ ತೆರೆದ ಕಿಟಕಿಯ ಬಳಿ ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಒಮ್ಮೆ, ಎಲ್‌ಇಡಿ ದೀಪದಡಿ ಒಮ್ಮೆ, ಹಳೆಯ ಬಲ್ಬಿನಡಿ ಒಮ್ಮೆ ನೋಡುತ್ತೇನೆ. ಮೂರರಲ್ಲೂ ಹೊಂದುವ ಮಿಶ್ರಣ ಸಿಗುವುದು ಅಪರೂಪ. ಸಿಗದಿದ್ದರೆ ಹಗಲ ಬೆಳಕಿನದನ್ನು ಒಪ್ಪಿಕೊಳ್ಳುತ್ತೇನೆ.

ಬಣ್ಣ ಯಾವುದಕ್ಕೆ ಹೊಂದಬೇಕು? ಡಯಲ್‌ಗೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಹಾಗೆ ಒಪ್ಪುವುದಿಲ್ಲ, ಮತ್ತು ಇದರ ಬಗ್ಗೆ ತುಸು ವಿವರವಾಗಿ ಹೇಳಬೇಕು. ಡಯಲ್ ಮೇಲಿನ ಬೊಟ್ಟುಗಳು ಗಾಜಿನೊಳಗೆ, ಧೂಳು ನೀರು ತಾಗದ ಕೋಣೆಯಲ್ಲಿ ಮಾಗುತ್ತವೆ. ಬೆಜಲ್‌ನ ಚುಕ್ಕೆ ಹೊರಗಿರುತ್ತದೆ. ಅದಕ್ಕೆ ತನ್ನದೇ ಪುಟ್ಟ ಲೋಹದ ಬಟ್ಟಲು, ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಉಬ್ಬು ಮುಚ್ಚಳ. ಆ ಮುಚ್ಚಳ ಗೀರುಬಿದ್ದು ಮಸುಕಾಗುತ್ತದೆ, ಅಂಚಿನಿಂದ ನೀರು ಇಳಿದು ಒಳಗಿನ ಬಣ್ಣವನ್ನು ಕಪ್ಪಾಗಿಸುತ್ತದೆ, ಬಿಸಿಲು ಅದನ್ನು ಪೇಲವಗೊಳಿಸುತ್ತದೆ. ಹೀಗಾಗಿ ಮೂಲದ ಚುಕ್ಕೆ ಉಳಿದಿರುವ ವಾಚನ್ನು ಗಮನಿಸಿ ನೋಡಿದರೆ ಚುಕ್ಕೆಯೂ ಡಯಲ್‌ನ ಬೊಟ್ಟುಗಳೂ ಒಂದೇ ಬಣ್ಣದಲ್ಲಿರುವುದಿಲ್ಲ. ಮುಳ್ಳುಗಳದ್ದೂ ಇದೇ ಕತೆ: ಅವು ಬೇರೆ ಕಡೆ ಬೇರೆ ಲೋಹದ ಮೇಲೆ ತುಂಬಿಸಿಕೊಂಡು ಬಂದವಾದ್ದರಿಂದ ಡಯಲ್‌ಗಿಂತ ಒಂದು ಛಾಯೆ ಗಾಢವೋ ತಿಳಿಯೋ ಆಗಿರುತ್ತವೆ. ಎಲ್ಲವೂ ಒಂದೇ ಬಣ್ಣಕ್ಕೆ ಇಂಚಿಂಚೂ ಹೊಂದಿದ ಹಳೆಯ ವಾಚನ್ನು ಕಂಡರೆ ನನಗೆ ಸಂತೋಷಕ್ಕಿಂತ ಅನುಮಾನವೇ ಮೊದಲು ಬರುತ್ತದೆ. ಬೀಟೆ ಮರದ ಹಲಗೆಯಲ್ಲಿ ಬೇರೆ ಬೇರೆ ಮರಗಳ ಸಹಜ ಬಣ್ಣದ ತುಣುಕುಗಳನ್ನು ಕೂಡಿಸಿ ಚಿತ್ರ ಮಾಡುವ ನಮ್ಮೂರಿನ ಕುಶಲಕರ್ಮಿಗಳು ಆನೆಯೊಂದರ ಮೈಗೆ ಒಂದೇ ಮರ ಬಳಸಿದರೂ ಅದರ ಎಳೆಗಳ ಗಾಢ ತಿಳಿಗಳನ್ನು ಹಾಗೆಯೇ ಬಿಡುತ್ತಾರೆ. ಆನೆ ಉಸಿರಾಡುವಂತೆ ಕಾಣುವುದು ಆ ಏರುಪೇರಿನಿಂದ. ಹಾಗಾಗಿ ಚುಕ್ಕೆಯನ್ನು ಡಯಲ್‌ಗಿಂತ ಅರ್ಧ ಛಾಯೆ ಮಸುಕಾಗಿಯೇ ಇಡುತ್ತೇನೆ. ಕುಳಿಯ ಮೂಲೆಯಲ್ಲಿ ಮೂಲ ಬಣ್ಣದ ಒಂದು ಕಣ ಉಳಿದಿದ್ದರೆ ಅದೇ ನನ್ನ ಮಾದರಿ. ಕುಳಿಯನ್ನು ತೊಳೆಯುವ ಮುನ್ನ ಐಗ್ಲಾಸಿನಲ್ಲಿ ನೋಡಬೇಕಾದದ್ದು ಇದನ್ನೇ.

ಇನ್ನು ರಾತ್ರಿಯ ಮಾತು. ಇಲ್ಲಿ ಸಾಹೇಬರಿಗೂ ನನಗೂ ಭಿನ್ನಾಭಿಪ್ರಾಯವಿದೆ. ಹಳೆಯ ಬೊಟ್ಟುಗಳು ಕತ್ತಲಲ್ಲಿ ಕಾಣುವುದೇ ಇಲ್ಲ. ಹೊಸ ಚುಕ್ಕೆ ಹಸಿರಾಗಿ ಉರಿಯುತ್ತದೆ. ಹಗಲು ಎಷ್ಟೇ ಹೊಂದಿಸಿದ್ದರೂ ದೀಪ ಆರಿಸಿದ ಕೂಡಲೇ ಹೊಸದು ಯಾವುದು, ಹಳೆಯದು ಯಾವುದು ಎಂಬುದು ಮಗುವಿಗೂ ಗೊತ್ತಾಗುತ್ತದೆ.

“ಅದಕ್ಕೇ ಹೊಳೆಯೋ ಪುಡೀನೇ ಹಾಕ್ಬೇಡಿ ಸಾರ್,” ಎನ್ನುತ್ತಾರೆ ಅವರು. “ಬರೀ ಬಣ್ಣ ಹಾಕಿ. ಗಿರಾಕಿ ಹಗಲು ನೋಡ್ತಾರೆ, ರಾತ್ರಿ ಮಲಗ್ತಾರೆ.”

“ಆದ್ರೆ ಸಾಹೇಬ್ರೇ, ಅದು ಮೂಲದ್ದು ಅಂತ ನಾಳೆ ಯಾರಾದ್ರೂ ಮಾರಿದ್ರೆ?”

“ಮಾರೋರು ಹೇಗಿದ್ರೂ ಮಾರ್ತಾರೆ. ನೀವು ಎಷ್ಟು ಜನರನ್ನ ತಡೀತೀರಿ?”

ಅವರ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಮಾಲೀಕನಿಗೆ ಬೇಕಿರುವುದು ಅಪ್ಪನ ವಾಚ್ ಮೊದಲಿನಂತೆ ಕಾಣಬೇಕೆಂಬುದು, ಪುರಾತತ್ತ್ವದ ಸಾಕ್ಷ್ಯವಲ್ಲ. ಆದರೂ ನಾನು ಹೊಳೆಯುವ ಪುಡಿಯನ್ನೇ ಹಾಕುತ್ತೇನೆ, ಅದರ ಹೊಳಪನ್ನು ಬೇಕೆಂದು ಕೊಲ್ಲುವುದಿಲ್ಲ. ಹಗಲಿನಲ್ಲಿ ಅದು ನೆರೆಯವರೊಡನೆ ಹೊಂದಿಕೊಂಡಿರಲಿ. ರಾತ್ರಿ ತಾನು ನಂತರ ಬಂದದ್ದೆಂದು ಒಪ್ಪಿಕೊಳ್ಳಲಿ. ಅದಕ್ಕಿಂತ ಸರಳವಾದ ಗುರುತು ನನಗೆ ಕಾಣಲಿಲ್ಲ, ಏಕೆಂದರೆ ಅದನ್ನು ಓದಲು ಯಾವ ಯಂತ್ರವೂ ಬೇಕಿಲ್ಲ, ಕತ್ತಲ ಕೋಣೆ ಸಾಕು. ಜೊತೆಗೆ ಈ ಚುಕ್ಕೆಯನ್ನು ಮಾಡಿದ್ದೇ ಕತ್ತಲಲ್ಲಿ ಕಾಣಲೆಂದು. ಕತ್ತಲಲ್ಲಿ ಕಾಣದ ಚುಕ್ಕೆಯೊಂದನ್ನು ಹೊಸದಾಗಿ ತಯಾರಿಸಿ ಕೂರಿಸುವುದಕ್ಕೆ ನನ್ನ ಕೈ ಬರುವುದಿಲ್ಲ. ಡಯಲ್ ಮತ್ತು ಮುಳ್ಳುಗಳ ವಿಷಯದಲ್ಲಿ ಮಾತ್ರ ನನ್ನ ನಿಲುವು ಪೂರ್ತಿ ಬೇರೆ. ಅಲ್ಲಿ ಉಳಿದಿರುವ ಹಳೆಯ ಬಣ್ಣವನ್ನು ಕೆರೆದು ಹೊಸದು ಹಚ್ಚುವುದಿಲ್ಲ, ಎಷ್ಟೇ ಕೇಳಿಕೊಂಡರೂ. ಇಲ್ಲದ್ದನ್ನು ತುಂಬುವುದು ಒಂದು ಕೆಲಸ, ಇರುವುದನ್ನು ಅಳಿಸುವುದು ಬೇರೆಯದೇ ಕೆಲಸ.

ಈ ಬಗ್ಗೆ ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ನಮ್ಮ ದೇಶದ ಹಳೆಯ ವಾಚುಗಳ ಮಾರುಕಟ್ಟೆಯೂ ಕಾರಣ. ಬಾಂಬೆ ಸ್ಪೆಷಲ್ ಎಂದು ಸಂಗ್ರಾಹಕರು ಕರೆಯುವ, ಡಯಲ್ ಪೂರಾ ಹೊಸದಾಗಿ ಅಚ್ಚು ಹಾಕಿಸಿಕೊಂಡ ವಾಚುಗಳು ಜಗತ್ತಿನಾದ್ಯಂತ ಹರಿದಾಡುತ್ತಿವೆ. ಒಳಗಿನ ಯಂತ್ರ ಅಸಲಿ, ಮುಖ ನಿನ್ನೆಯದು. ಅವುಗಳಲ್ಲಿ ಟ್ರಿಟಿಯಂನ ಟಿ ಅಕ್ಷರ ಅಚ್ಚಾಗಿರುತ್ತದೆ, ಹೊಳಪು ಮಾತ್ರ ರಾತ್ರಿಯಿಡೀ ನಿಲ್ಲುತ್ತದೆ! ಟ್ರಿಟಿಯಂ ಎಂದು ಬರೆದುಕೊಂಡ ಐವತ್ತು ವರ್ಷ ಹಳೆಯ ಡಯಲ್ ಹಾಗೆ ಹೊಳೆಯಲು ಸಾಧ್ಯವಿಲ್ಲ. ಯುವಿ ಟಾರ್ಚಿನ ಬೆಳಕು ಬಿಟ್ಟು ತೆಗೆದರೆ ಹಳೆಯ ಜಿಂಕ್ ಸಲ್ಫೈಡ್ ಮಂಕಾಗಿ ಹೊಳೆದು ಬೇಗನೆ ಆರಿಹೋಗುತ್ತದೆ. ಹೊಸ ಪುಡಿ ಬಹಳ ಹೊತ್ತು ಉರಿಯುತ್ತದೆ. ಕೊಳ್ಳುವ ಮುನ್ನ ಇಷ್ಟನ್ನು ಯಾರಾದರೂ ನೋಡಿಕೊಳ್ಳಬಹುದು. ಹೊಸ ಡಯಲ್ ಹಾಕಿಸಿದ್ದೇ ತಪ್ಪೆಂದು ನಾನು ಹೇಳಲಾರೆ, ಎಷ್ಟೋ ವಾಚುಗಳು ಆ ಕೆಲಸದಿಂದಲೇ ಕೈಯಲ್ಲಿ ಉಳಿದವು. ಅದನ್ನು ಹೇಳದೆ ಮಾರುವುದು ತಪ್ಪು.

ಕೂರಿಸುವ ಕೆಲಸದ ಬಗ್ಗೆ ಹೇಳಲು ಬಹಳವಿಲ್ಲ, ಆದರೆ ಇದರಲ್ಲಿ ಅವಸರ ಸಲ್ಲದು. ಇನ್ಸರ್ಟನ್ನು ಬೆಜಲ್‌ನಿಂದ ಬಿಡಿಸಿಕೊಳ್ಳಬೇಕು. ಅಲ್ಯೂಮಿನಿಯಂ ಬಳೆ ಒಮ್ಮೆ ಬಾಗಿದರೆ ಮತ್ತೆ ಸಪಾಟಾಗುವುದಿಲ್ಲ, ಹಾಗಾಗಿ ಚಾಕುವಿನಿಂದ ಮೀಟುವುದಕ್ಕಿಂತ ಬೆಜಲನ್ನು ಮೊದಲು ಕಳಚಿ ಅಂಟನ್ನು ಮೆತ್ತಗಾಗಿಸುವುದು ಲೇಸು. ಕುಳಿಯ ವ್ಯಾಸವನ್ನು ವರ್ನಿಯರ್‌ನಿಂದ ಅಳೆದರೆ ಅಂಚಿನ ಸವಕಳಿಯಿಂದ ಒಂದೊಂದು ಬದಿಗೆ ಒಂದೊಂದು ಅಳತೆ ಬರುತ್ತದೆ. ಅತಿ ಚಿಕ್ಕದನ್ನು ಹಿಡಿಯಬೇಕು, ಏಕೆಂದರೆ ಇಲ್ಲಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಹೆಚ್ಚಾದರೆ ಚುಕ್ಕೆ ಒಳಗಿಳಿಯುವುದಿಲ್ಲ, ಕಡಿಮೆಯಾದರೆ ಅಲುಗಾಡುತ್ತದೆ. ಎತ್ತರವೂ ಅಷ್ಟೇ ಮುಖ್ಯ. ಚುಕ್ಕೆ ತಳದಲ್ಲಿ ಬೆಜಲ್‌ನ ಲೋಹಕ್ಕೆ ತಾಗಿದರೆ ಇನ್ಸರ್ಟ್ ಸಪಾಟಾಗಿ ಕೂರುವುದಿಲ್ಲ. ಮೇಲೆ ಹೆಚ್ಚು ಉಬ್ಬಿದರೆ ಮೊದಲಿನದರಂತೆಯೇ ತೋಳಿಗೆ ಸಿಕ್ಕಿ ಹೋಗುತ್ತದೆ. ಅಂಟು ಬಲವಾಗಿರಬೇಕು, ಆದರೆ ಬೇಕೆಂದಾಗ ಬಿಡಿಸಲು ಬರುವಂಥದ್ದಾಗಿರಬೇಕು. ಮುಂದೆ ಯಾರಿಗಾದರೂ ಇದೇ ಮಾದರಿಯ ಅಸಲಿ ಚುಕ್ಕೆ ಸಿಕ್ಕರೆ ನನ್ನದನ್ನು ತೆಗೆದು ಅದನ್ನು ಕೂರಿಸುವುದು ಅವರಿಗೆ ಕಷ್ಟವಾಗಬಾರದು.

ಮೇಲಿನ ಮುಚ್ಚಳಕ್ಕೆ ಎಪಾಕ್ಸಿ ಬಳಸಿದರೆ ಅದು ಬಿಸಿಲಿಗೆ ತಾನಾಗಿಯೇ ಹಳದಿಯಾಗುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿದು ಒಳಗಿನ ಬಣ್ಣವನ್ನು ತುಸು ತಿಳಿಯಾಗಿಯೇ ಬಿಡುವುದು ಒಳ್ಳೆಯದು. ಮುಚ್ಚಳದ ಅಂಚಿನಲ್ಲಿ ಎಲ್ಲೂ ಬಿರುಕು ಉಳಿಯಬಾರದು: ಸ್ಟ್ರಾಂಷಿಯಂ ಅಲ್ಯೂಮಿನೇಟ್ ನೀರಿಗೆ ಬಹಳ ಬಡವ. ತೇವ ತಾಗಿದರೆ ಅದು ಒಡೆದು ಹೊಳಪನ್ನು ಕಳೆದುಕೊಳ್ಳುತ್ತದೆ. ಹೀಗೆ ನೀರಿಗಿಳಿಯಲೆಂದೇ ಮಾಡಿದ ವಾಚಿನ ಅತಿ ಹೊರಗಿನ ತುದಿಯಲ್ಲಿ, ನೀರನ್ನೇ ತಾಳದ ವಸ್ತುವೊಂದನ್ನು ನಾವು ಕೂರಿಸುತ್ತೇವೆ.

ಕೆಲಸ ಮುಗಿದ ಮೇಲೆ ಒಂದು ಚೀಟಿ ಬರೆದು ಮಾಲೀಕರಿಗೆ ಕೊಡುತ್ತೇನೆ: ಚುಕ್ಕೆ ಹೊಸದು, ಡಯಲ್ ಮತ್ತು ಮುಳ್ಳುಗಳನ್ನು ಮುಟ್ಟಿಲ್ಲ, ಇಂಥ ಪುಡಿ, ಇಂಥ ತಿಂಗಳು. ಹಳೆಯ ರಿಪೇರಿಯವರು ಹಿಂಬದಿಯ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತಮ್ಮ ಗುರುತನ್ನೂ ತಾರೀಕನ್ನೂ ಗೀಚುತ್ತಿದ್ದರು; ಅದನ್ನು ಓದುವುದು ನನಗೆ ಇಷ್ಟ, ಗೀಚಲು ಮನಸ್ಸಾಗುವುದಿಲ್ಲ. ಕಳಚಿದ ಹಳೆಯ ಚೂರುಗಳಿದ್ದರೆ, ಅವು ರೇಡಿಯಂನವಲ್ಲ ಎಂದು ಖಚಿತವಾದ ಮೇಲೆ, ಪುಟ್ಟ ಜಿಪ್ ಕವರಿನಲ್ಲಿ ಹಾಕಿ ಅದರ ಜೊತೆಗೇ ಕೊಡುತ್ತೇನೆ.

ಸದ್ಯ ನನ್ನ ಮೇಜಿನ ಮೇಲಿರುವುದು ಫೇವರ್ ಲೂಬಾ ಡೈವರ್. ಅದರ ಬೆಜಲ್‌ನ ಚುಕ್ಕೆ ಚೆನ್ನಾಗಿದೆ, ಸೆಕೆಂಡಿನ ಮುಳ್ಳಿನ ಬೊಟ್ಟು ಮಾತ್ರ ಬಿರಿದು ಪುಡಿ ಉದುರುವ ಹಂತಕ್ಕೆ ಬಂದಿದೆ. ಅದು ಉದುರಿದರೆ ಯಂತ್ರದ ಹಲ್ಲುಗಳ ನಡುವೆ ಹೋಗಿ ಮರಳಿನಂತೆ ಸವೆಸುತ್ತದೆ, ಹಾಗಾಗಿ ಸುಮ್ಮನೆ ಬಿಡುವಂತಿಲ್ಲ. ಹೊಸದನ್ನು ತುಂಬುವ ಬದಲು ಮುಳ್ಳಿನ ಹಿಂಬದಿಯಿಂದ ತೆಳುವಾದ ಲ್ಯಾಕರ್‌ನ ಒಂದೇ ಹನಿ ಇಳಿಸಿ ಇರುವುದನ್ನೇ ಹಿಡಿದು ನಿಲ್ಲಿಸಬೇಕೆಂದಿದ್ದೇನೆ. ಮುಂದಿನಿಂದ ನೋಡಿದರೆ ಅದರ ಬಿರುಕುಗಳೂ ಬಣ್ಣವೂ ಹಾಗೆಯೇ ಇರುತ್ತವೆ. ಆದರೆ ಗಾಳಿಯಲ್ಲಿ ತೇವವಿದ್ದಾಗ ಲ್ಯಾಕರ್ ಒಣಗುತ್ತ ಬೆಳ್ಳಗೆ ಮಬ್ಬಾಗುತ್ತದೆ. ಆಷಾಢದ ಜಡಿ ಇನ್ನೂ ಬಿಟ್ಟಿಲ್ಲ. ವಾಚನ್ನು ನಡೆಸದೆ, ಮುಖ ಮೇಲೆ ಮಾಡಿ ಡಬ್ಬಿಯಲ್ಲಿಟ್ಟಿದ್ದೇನೆ. ಮಳೆ ಕಳೆದು ಬಿಸಿಲು ಗಟ್ಟಿಯಾದ ಮೇಲೆ ಕೈ ಹಾಕುವುದೆಂದು ಅದರ ಒಡೆಯರಿಗೂ ತಿಳಿಸಿದ್ದಾಗಿದೆ.